ಎರಿ ನೆಲ, ಆಲದ ಸಸಿ

ಏಪ್ರಿಲ್ 21, 2024, ಭಾನುವಾರ
ಧಾರವಾಡ

ಆಲದ ಸಸಿಯ ಬುಡದ ಹತ್ತಿರ ನೆಲ ಬಾಯಿ ಬಿಟ್ಟಿದೆ. ಬೆರಳು ಪೂರ್ತಿ ಇಳಿಯುತ್ತದೆ. ಬಗ್ಗಿ ನೋಡಿದರೆ ಒಳಗೆ ಒಂದು ಬೇರು ಆ ಕಡೆಯಿಂದ ಈ ಕಡೆಗೆ ಬಿಗಿಯಾಗಿ ನಿಂತಿದೆ. ಅದರ ಪಕ್ಕದ್ದು ಹರಿದೇ ಹೋಗಿದೆ. ತುದಿಯಲ್ಲಿ ಹಾಲು ಒಣಗಿ ಕಂದು ಬಣ್ಣದ ಗಂಟಾಗಿದೆ.

ಹೋದ ವರ್ಷ ಮಳೆ ಕೈಕೊಟ್ಟಿತು, ಈಗ ಈ ಬಿಸಿಲು. ಎರಿ, ಅಂದರೆ ನಮ್ಮ ಕಪ್ಪು ಮಣ್ಣಿನ ಸ್ವಭಾವ ಗೊತ್ತಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ.

ಪೈಪ್ ಹಿಡಿದು ನಿಂತಿದ್ದೆ. ಪಕ್ಕದ ಮನೆಯ ಕಾಕಾ ಕಂಪೌಂಡಿನ ಆಚೆಯಿಂದ ಕೇಳಿದರು.

"ಏನವಾ, ಮನಿ ಮುಂದ ಆಲದ ಗಿಡಾ ಹಚ್ಚೀಯಲ್ಲ. ನಾಳೆ ಗ್ವಾಡಿ ಸೀಳತೈತಿ."

"ಇದು ಬೋನ್ಸಾಯ್‌ಗೆ ಕಾಕಾ. ಸ್ವಲ್ಪ ವರ್ಷ ನೆಲದಾಗ ಇರ್ತದ, ಆಮ್ಯಾಲೆ ಕುಂಡಕ್ಕ."

"ಸಣ್ಣ ಗಿಡಾ ಬೇಕಂದ್ರ ನೆಲಕ್ಕ ಯಾಕ ಹಾಕಿದಿ?"

ಬುಡ ದಪ್ಪ ಆಗಬೇಕಲ್ಲ, ಅದಕ್ಕೆ. ಮೈಸೂರಿನ ಕಿಷ್ಕಿಂಧಾ ಬೋನ್ಸಾಯ್ ತೋಟದಲ್ಲಿ ನೋಡಿದಂಥ ಬುಡ ಬೇಕು ಅಂತ ಸಸಿಯನ್ನು ಕುಂಡದಲ್ಲಿಟ್ಟು ಕಾಯುತ್ತಾ ಕೂತರೆ ನನ್ನ ಆಯಸ್ಸು ಸಾಲದು. ನೆಲದಲ್ಲಿ ಬೇರಿಗೆ ಜಾಗ ಸಿಗುತ್ತದೆ, ಕೊಂಬೆ ಮನಸ್ಸಿಗೆ ಬಂದಷ್ಟು ಹೋಗುತ್ತದೆ, ಬುಡ ಬೇಗ ಮೈ ತುಂಬಿಕೊಳ್ಳುತ್ತದೆ. ಆಮೇಲೆ ಮೇಲಿನದ್ದನ್ನು ಕಡಿದು, ಗಿಡ ಎತ್ತಿ, ಬೇರು ಸವರಿ ಕುಂಡಕ್ಕೆ. ಬೇರು ಆಳಕ್ಕೆ ಇಳಿಯದೆ ಅಗಲಕ್ಕೆ ಹರಡಲಿ ಅಂತ ಬುಡದ ಕೆಳಗೆ ಫರಸಿ ಕಲ್ಲಿನ ತುಂಡು ಇಟ್ಟಿದ್ದೇನೆ. ಇದನ್ನೆಲ್ಲ ಹೇಳಿದೆ.

"ಅಂದ್ರ ಬೆಳಸೂದು, ಬೆಳಸಿ ಕಡಿಯೂದು," ಅಂದರು ಕಾಕಾ.

ಹೂಂ ಅಂದೆ. ಇನ್ನೇನು ಹೇಳಲಿ?

ಎಲ್ಲರೂ ಕೊಡುವ ಸಲಹೆ ಒಂದೇ. ಗುಂಡಿ ತೋಡಿ ಒಳ್ಳೆ ಮಸಾರಿ, ಅಂದರೆ ಕೆಂಪು ಮಣ್ಣು ತುಂಬು. ಕೆಂಪು ನೆಲದವರಿಗೆ ಅದು ಸರಿ. ಇಲ್ಲಿ ಸುತ್ತಲಿನ ಎರಿ ನೀರು ಬಿಡೋದಿಲ್ಲ, ಮಳೆ ಬಂದರೆ ಗುಂಡಿಯೇ ಬಾನಿ, ಬೇರು ಕೊಳೆಯುತ್ತದೆ. ಅದಕ್ಕೇ ನಾನು ಇಟ್ಟಿಗೆ ಕಟ್ಟಿ ಒಂದು ಅಡಿ ಎತ್ತರದ ಮಡಿ ಮಾಡಿದ್ದು. ಮಸಾರಿ, ಗರಸು, ಹಳೇ ಗೊಬ್ಬರ. ಆದರೆ ಬೇರು ಕಲ್ಲು ದಾಟಿ, ಮಡಿ ದಾಟಿ, ಕೆಳಗಿನ ಎರಿಗೆ ಇಳಿದಿದೆ. ತಡೆಯೋರು ಯಾರು?

ಪಕ್ಕದ ಪೇರಲ ಬೇರೆ ಹಳದಿ ತಿರುಗಿದೆ. ಎಳೆ ಎಲೆ ಪೂರ್ತಿ ಹಳದಿ, ನರ ಮಾತ್ರ ಹಸಿರು. ಈ ಮಣ್ಣಿನಲ್ಲಿ ಸುಣ್ಣದ ಹರಳು ಜಾಸ್ತಿ, ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ದಕ್ಕೋದಿಲ್ಲ.

ಕಾಕಾ ಗೇಟು ತೆಗೆದು ಒಳಗೇ ಬಂದರು. ಪೈಪಿನ ನೀರು ಬಿರುಕಿನಲ್ಲಿ ಸೀದಾ ಇಳಿದು ಹೋಗೋದನ್ನು ನೋಡಿದರು.

"ನೀರ ಪಾತಾಳಕ್ಕ ಹೊಂಟೈತಿ. ಹೊಲದಾಗ ಹಿಂಗ ಬಿರುಕ ಬಿಟ್ರ ಎಡಿ ಹೊಡೀತೇವಿ. ಮ್ಯಾಲಿನ ಮಣ್ಣು ಪುಡಿ ಆಗಿ ಬಿರುಕಿಗೆ ಬೀಳತೈತಿ, ಒಳಗಿನ ಹಸಿ ಹಾರೂದಿಲ್ಲ. ಕುರ್ಚಿಗಿ ಐತೇನು?"

ಕೊಟ್ಟೆ. ಕಳೆ ತೆಗೆಯುವ ಆ ಸಲಕರಣೆ ಹಿಡಿದು ಕೂತುಬಿಟ್ಟರು. ಬೇರಿಗೆ ತಾಗದಂತೆ ಮೇಲೆ ಮೇಲೆ ಕೆದರಿದರು. ಹೆಂಟೆಯನ್ನು ಅಂಗೈಯಲ್ಲೇ ಒಡೆದು ಪುಡಿಯನ್ನು ಬಿರುಕಿಗೆ ಸುರಿದರು. ಅದರ ಮೇಲೆ ಶೇಂಗಾ ಹೊಟ್ಟು ಹರಡಲು ಹೇಳಿದರು. ಹೊಲ ಲಾವಣಿಗೆ ಕೊಟ್ಟ ಮೇಲೆ ಅವರು ಮಣ್ಣು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಎದ್ದಾಗ ಕೈ ತೊಳೆಯಲು ನೀರು ಕೊಟ್ಟೆ. ಬ್ಯಾಡ ಅಂದರು.

ಚಹಾ ಮಾಡಿದೆ. ಸಕ್ಕರೆ ಕಡಿಮೆ ಅಂತ ಬೈದರು, ಶುಗರ್ ಇದೆ ಅನ್ನೋದು ಅವರಿಗೇ ಮರೆತಿರುತ್ತದೆ.

ಈಗ ತಲೆ ಕೊರೆಯುತ್ತಿರುವುದು ಎತ್ತುವ ಲೆಕ್ಕ. ಆಲಕ್ಕೆ ಮಳೆಗಾಲದ ಶುರು ಒಳ್ಳೇದು, ಬೇಗ ಚಿಗುರುತ್ತದೆ. ಈಗಲೇ ಹಾರೆ ಹಾಕಿದರೆ ಹೆಂಟೆ ಬೇರನ್ನೂ ಕಿತ್ತುಕೊಂಡು ಬರುತ್ತದೆ. ರೋಹಿಣಿ, ಮೃಗಶಿರಾ ಮಳೆ ಜೋರಾಗಿ ಹಿಡಿದರೆ ಕೆಸರಿನಲ್ಲಿ ಕಾಲಿಡೋದೇ ಕಷ್ಟ. ನಡುವೆ ಹದ ಅಂತ ಸಿಗೋದು ಒಂದೆರಡು ದಿನ. ಆ ದಿನ ನನಗೆ ರಜೆ ಇರಬೇಕಲ್ಲ! ಹದ ನೋಡೋಕೆ ಕಾಕಾನೇ ಬೇಕು, ಅವರೋ ಜೂನ್‌ನಲ್ಲಿ ಪುಣೆಗೆ ಮಗನ ಮನೆಗೆ ಹೋಗ್ತೀನಿ ಅಂತಿದ್ದಾರೆ. ಫೋನ್‌ನಲ್ಲಿ ಮಣ್ಣು ತೋರಿಸಿದರೆ ಆಗುತ್ತಾ, ಅಥವಾ