ಅಪ್ಪ ಎಷ್ಟು ಹಡಗು ಮುಳುಗಿಸಿದರು?

ಒಂದೂ ಇಲ್ಲ. ಉತ್ತರ ಇಷ್ಟೇ ಬೇಕಾಗಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ನನ್ನ ತಂದೆ ಜಗಳೂರು ಸೀಮೆಯ ಹಳ್ಳಿಯೊಂದರಿಂದ 1958ರಲ್ಲಿ ಭಾರತೀಯ ನೌಕಾಪಡೆಗೆ ಸೇರಿ, ಹದಿನೈದು ವರ್ಷ ನಾವಿಕರಾಗಿದ್ದು, ಆಮೇಲೆ ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಮತ್ತು ಗಣಿತ ಕಲಿಸಿ, 1999ರಲ್ಲಿ ನಿವೃತ್ತರಾದವರು. ಅವರು ತೀರಿಕೊಂಡಂದಿನಿಂದ ಮದುವೆಯ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಬೆಣ್ಣೆದೋಸೆಗಾಗಿ ಕಾಯುವ ಬೆಂಚಿನ ಮೇಲೆ ಕೂಡ ಜನ ನನ್ನನ್ನು ಕೇಳುವುದು ಒಂದೇ ಮಾತು: “ಎಪ್ಪತ್ತೊಂದರ ಯುದ್ಧದಾಗೆ ನಿಮ್ಮ ತಂದೆಯವರು ಇದ್ರಂತಲ್ಲ, ಎಷ್ಟು ಹಡಗು ಮುಳುಗ್ಸಿದ್ರು?” ಅವರು ಯುದ್ಧದಲ್ಲಿ ಏನು ಕೆಲಸ ಮಾಡುತ್ತಿದ್ದರೆಂದು ಯಾರೂ ಕೇಳುವುದಿಲ್ಲ. ಮುಳುಗಿಸಿದ್ದಂತೂ ಖಚಿತ, ಲೆಕ್ಕವೊಂದು ಸಿಕ್ಕರೆ ಸಾಕು ಎನ್ನುವ ಧಾಟಿ ಅದು. ಸಾಯಂಕಾಲದ ಸಂತೆಯಲ್ಲಿ ಕುರಿ ಎಷ್ಟಕ್ಕೆ ಹೋಯಿತೆಂದು ವಿಚಾರಿಸುವವರ ದನಿಯೂ ಇದಕ್ಕಿಂತ ಮೆದುವಾಗಿರುತ್ತದೆ.

ಈ ಪ್ರಶ್ನೆಯನ್ನು ಅವರ ಎದುರಿಗೇ ಕೇಳಿದ ಪ್ರಸಂಗವೊಂದುಂಟು. ಅವರು ಇನ್ನೂ ಶಾಲೆಯ ಸೇವೆಯಲ್ಲಿದ್ದಾಗ, ನೌಕಾಪಡೆಯ ದಿನವಾದ ಡಿಸೆಂಬರ್ 4ರಂದು ಶಾಲೆಯಲ್ಲಿ ಒಂದು ಸಮಾರಂಭವನ್ನು ಏರ್ಪಡಿಸಿದ್ದರು. ಮುಖ್ಯ ಅತಿಥಿಗಳು ಅಪ್ಪನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಧ್ವನಿವರ್ಧಕವನ್ನು ಅವರತ್ತ ತಿರುಗಿಸಿ, “ಕರಾಚಿಯನ್ನು ಸುಟ್ಟ ಆ ರಾತ್ರಿ ತಾವೇನು ಮಾಡುತ್ತಿದ್ದಿರಿ, ಮಕ್ಕಳಿಗೆ ಹೇಳಬೇಕು” ಎಂದು ಅಪ್ಪಣೆ ಕೊಟ್ಟರು. ಅಪ್ಪ ಎದ್ದು ನಿಂತು, “ನೀರು ಕಾಯಿಸುತ್ತಿದ್ದೆ” ಎಂದು ಹೇಳಿ ಕುಳಿತುಬಿಟ್ಟರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅತಿಥಿಗಳು ಶಾಲನ್ನು ವಾಪಸು ಕೇಳುವ ಹಾಗೆ ಕಾಣುತ್ತಿದ್ದರು. ಮುಖ್ಯೋಪಾಧ್ಯಾಯರು ಗಡಿಬಿಡಿಯಿಂದ ವಂದನಾರ್ಪಣೆಗೆ ಸೂಚನೆ ಕೊಟ್ಟರು.

ಅವರು ಹೇಳಿದ್ದು ತಮಾಷೆಯಾಗಿರಲಿಲ್ಲ. 1971ರಲ್ಲಿ ಅವರಿದ್ದದ್ದು ಐಎನ್‌ಎಸ್ ಮೈಸೂರು ಎಂಬ ಕ್ರೂಸರ್‌ನಲ್ಲಿ, ಅಂದರೆ ದೊಡ್ಡ ಯುದ್ಧನೌಕೆಯಲ್ಲಿ. ಮೊದಲು ಬ್ರಿಟಿಷ್ ನೌಕಾಪಡೆಯಲ್ಲಿ ನೈಜೀರಿಯಾ ಎಂಬ ಹೆಸರಿನಿಂದ ಎರಡನೇ ಮಹಾಯುದ್ಧ ಕಂಡಿದ್ದ ಆ ಹಡಗು 1957ರಲ್ಲಿ ನಮ್ಮದಾಯಿತು. ಅದರ ಲಾಂಛನ ಗಂಡಭೇರುಂಡ. (ಅಪ್ಪ “ಮೈಸೂರಿನಲ್ಲಿದ್ದೇನೆ” ಎಂದು ಬರೆಯುತ್ತಿದ್ದುದರಿಂದ ನಮ್ಮ ಸೋದರತ್ತೆಯೊಬ್ಬರು ಬಹಳ ಕಾಲ ಅವರನ್ನು ಅರಮನೆಯ ನೌಕರರೆಂದೇ ನಂಬಿದ್ದು, ದಸರೆಗೆ ಪಾಸು ಕಳಿಸಲಿಲ್ಲವೆಂದು ಮುನಿಸಿಕೊಂಡಿದ್ದರು.) ಯುದ್ಧದಲ್ಲಿ ಅದು ಪಶ್ಚಿಮ ನೌಕಾದಳದ ಧ್ವಜನೌಕೆ, ಅಂದರೆ ದಳದ ನಾಯಕರಿರುವ ಹಡಗು, ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದವು ನಿರ್ಘಾತ್, ನಿಪಾತ್ ಮತ್ತು ವೀರ್ ಎಂಬ ಮೂರು ಸಣ್ಣ ಕ್ಷಿಪಣಿ ದೋಣಿಗಳು. ಖೈಬರ್ ಮತ್ತು ಮುಹಾಫಿಜ್ ಎಂಬ ಪಾಕಿಸ್ತಾನಿ ಹಡಗುಗಳು ಮುಳುಗಿದ್ದು ಅವುಗಳಿಂದ. ಅಪ್ಪನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಲೋನಾವಾಲಾದ ಐಎನ್‌ಎಸ್ ಶಿವಾಜಿಯಲ್ಲಿ ಎಂಜಿನ್ ವಿಭಾಗದ ತರಬೇತಿ ಪಡೆದಿದ್ದ ಅವರು ಬಾಯ್ಲರ್ ಕೋಣೆಯ ನಾವಿಕರು. ಆ ಕೋಣೆಗೆ ಕಿಟಕಿಯಿಲ್ಲ, ಅಲ್ಲಿಂದ ಸಮುದ್ರ ಕಾಣುವುದೂ ಇಲ್ಲ.

ಹಂಡೆಗೆ ಬೆಂಕಿ ಹಾಕುವುದರಲ್ಲಿ ಏನಿದೆ ಎನ್ನುವವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಆ ಹಡಗು ಓಡುತ್ತಿದ್ದುದು ಹಬೆಯ ಟರ್ಬೈನ್‌ಗಳಿಂದ. ಬಾಯ್ಲರಿನಲ್ಲಿ ನೀರಿನ ಮಟ್ಟ ಇಳಿದರೆ ಕೊಳವೆಗಳು ಸುಟ್ಟುಹೋಗುತ್ತವೆ. ಮಟ್ಟ ಏರಿದರೆ ಹಬೆಯೊಡನೆ ನೀರೂ ನುಗ್ಗಿ ಟರ್ಬೈನಿನ ಅಲಗುಗಳನ್ನು ಮುರಿಯುತ್ತದೆ. ಉರಿಯುವ ಎಣ್ಣೆಗೆ ತಕ್ಕಷ್ಟು ಗಾಳಿ ಸಿಗದಿದ್ದರೆ ಚಿಮಣಿಯಿಂದ ಕಪ್ಪು ಹೊಗೆ ಎದ್ದು, ದೂರದ ಶತ್ರುವಿಗೂ ಹಡಗಿನ ಇರವನ್ನು ಸಾರಿಬಿಡುತ್ತದೆ. ಎಲ್ಲಕ್ಕಿಂತ ಭಯಾನಕವಾದದ್ದು ಅತಿತಪ್ತ ಹಬೆಯ, ಅಂದರೆ ಕುದಿಯುವ ಬಿಸಿಗಿಂತಲೂ ಹೆಚ್ಚು ಕಾಯಿಸಿದ ಹಬೆಯ, ಸೋರಿಕೆ. ಅದು ಕಣ್ಣಿಗೆ ಬೀಳುವುದಿಲ್ಲ, ಸಿಳ್ಳೆಯಂತಹ ಸದ್ದು ಮಾತ್ರ ಕೇಳಿಸುತ್ತದೆ. ಅದನ್ನು ಹುಡುಕುವ ನಾವಿಕರು ಕೈ ಚಾಚದೆ ಪೊರಕೆಯ ಕೋಲನ್ನು ಮುಂದೆ ಹಿಡಿದು ನಡೆಯುತ್ತಿದ್ದರು. ಕೋಲು ಎಲ್ಲಿ ತುಂಡಾಯಿತೋ ಅಲ್ಲಿ ತೂತು ಎಂದು ಅಪ್ಪ ಹೇಳುತ್ತಿದ್ದರು.

ಇದನ್ನೆಲ್ಲ ಹೇಳಿದರೆ ಕೇಳಿದವರ ಮುಖ ಬಾಡುತ್ತದೆ. “ಅಂದರೆ, ಯುದ್ಧ ಮಾಡಲಿಲ್ಲ ಅನ್ನಿ” ಎಂದು ಒಬ್ಬರು ನನ್ನನ್ನೇ ಸಮಾಧಾನಪಡಿಸಿದರು. ಡಿಸೆಂಬರ್ 9ರಂದು ದೀವ್ ಸಮೀಪ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ ಐಎನ್‌ಎಸ್ ಖುಕ್ರಿ ಮುಳುಗಿತು. ಅದರೊಂದಿಗೆ 18 ಅಧಿಕಾರಿಗಳೂ 176 ನಾವಿಕರೂ ಹೋದರು. ಹಡಗು ಬಿಡದೆ ಪ್ರಾಣ ಕೊಟ್ಟ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಹೆಸರು ಎಲ್ಲರಿಗೂ ತಿಳಿದಿದೆ, ತಿಳಿದಿರಬೇಕಾದದ್ದೇ. ಅಪ್ಪ ಮಾತ್ರ ಪ್ರತಿವರ್ಷ ಆ ದಿನ ತಮ್ಮ ಜೊತೆ ಲೋನಾವಾಲಾದಲ್ಲಿ ತರಬೇತಿ ಪಡೆದು ಖುಕ್ರಿಯ ಎಂಜಿನ್ ಕೋಣೆಯಲ್ಲಿ ಉಳಿದುಹೋದ ಇಬ್ಬರನ್ನು ನೆನೆದು ರಾತ್ರಿಯೂಟ ಬಿಡುತ್ತಿದ್ದರು. ಆ ಇಬ್ಬರೂ ಯಾರ ಹಡಗನ್ನೂ ಮುಳುಗಿಸಿರಲಿಲ್ಲ.

ತಿಥಿಯ ಸಮಯಕ್ಕೆ ನಮ್ಮ ಓಣಿಯ ಉತ್ಸಾಹಿಗಳು ಕಟ್ಟಿಸಿದ ಫ್ಲೆಕ್ಸ್‌ನಲ್ಲಿ ಅಪ್ಪನ ಭಾವಚಿತ್ರದ ಹಿಂದೆ ಒಂದು ಬೃಹತ್ ವಿಮಾನವಾಹಕ ನೌಕೆಯಿತ್ತು, ಅದರ ಮೇಲೆ ಜೆಟ್ ವಿಮಾನಗಳ ಸಾಲಿತ್ತು, ಕೆಳಗೆ “ಕರಾಚಿ ಕಲಿ” ಎಂಬ ಬಿರುದಿತ್ತು. ಅಮೆರಿಕದ ಹಡಗೆಂದು ನಾನು ಹೇಳಿದಾಗ, ಫೋಟೊ ಚೆನ್ನಾಗಿ ಬಂದಿದೆಯಲ್ಲ ಎಂಬ ಉತ್ತರ ಬಂತು. ಶಿಕ್ಷಕರು ಎಂಬ ಪದಕ್ಕೆ ಅಲ್ಲಿ ಜಾಗ ಸಿಕ್ಕಿರಲಿಲ್ಲ.

ನನ್ನನ್ನು ಕೇಳಬೇಕಾದದ್ದು ಅದನ್ನೇ: ಅವರು ಏನು ಕಲಿಸಿದರು? 1973ರಲ್ಲಿ, ಮೈಸೂರು ರಾಜ್ಯ ಕರ್ನಾಟಕವಾದ ವರ್ಷವೇ, ಮೈಸೂರು ಹಡಗಿನಿಂದ ಇಳಿದು ಬಂದ ಮೂವತ್ತೆರಡರ ಗೃಹಸ್ಥರು, ಮೀಸೆ ಮೂಡದ ಹುಡುಗರ ನಡುವೆ ಕುಳಿತು ಪಿಯುಸಿಯಿಂದ ಬಿ.ಎಡ್.ವರೆಗೆ ಓದಿದರು. ಅವರ ತರಗತಿಯಲ್ಲಿ ಹತ್ತಿಯ ಗಿರಣಿ ಕಾರ್ಮಿಕರ ಮಕ್ಕಳಿದ್ದರು, ಮಂಡಕ್ಕಿ ಭಟ್ಟಿಯಲ್ಲಿ ನಸುಕಿನಿಂದ ದುಡಿದು ಮೈಯೆಲ್ಲ ಹೊಗೆಯ ವಾಸನೆಯಲ್ಲಿ ಬರುವವರಿದ್ದರು. ಹಬೆಯ ಪಾಠಕ್ಕೆ ಅಪ್ಪ ಭಟ್ಟಿಯ ಹುಡುಗನನ್ನೇ ಎಬ್ಬಿಸಿ, ಅಕ್ಕಿ ಏಕೆ ಅರಳುತ್ತದೆ ಎಂದು ಕೇಳುತ್ತಿದ್ದರು. ಕಾದ ಮರಳಿನಲ್ಲಿ ಕಾಳಿನೊಳಗಿನ ತೇವ ಹಬೆಯಾಗುತ್ತದೆ, ನೀರು ಹಬೆಯಾದರೆ ಅದರ ಗಾತ್ರ 1,600 ಪಟ್ಟು ಹಿಗ್ಗುತ್ತದೆ, ಆ ಹಿಗ್ಗಿಗೆ ಕಾಳು ಉಬ್ಬುತ್ತದೆ, ಹಡಗು ಓಡುತ್ತದೆ ಎಂದು ವಿವರಿಸಿ, ಒಂದು ಗ್ರಾಂ ಕುದಿಯುವ ನೀರನ್ನು ಹಬೆಯಾಗಿಸಲು ಬೇಕಾದ 540 ಕ್ಯಾಲೊರಿಯನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದರು. ಭಟ್ಟಿಯ ಹುಡುಗನಿಗೆ ಅದುವರೆಗೆ ತನ್ನ ಕೆಲಸ ಪಾಠದಲ್ಲಿ ಬಂದೀತೆಂಬ ಕಲ್ಪನೆಯೇ ಇರಲಿಲ್ಲ.

ಚಳಿಗಾಲದ ರಾತ್ರಿ ಮಕ್ಕಳನ್ನು ಮೈದಾನಕ್ಕೆ ಕರೆದು ಧ್ರುವ ನಕ್ಷತ್ರವನ್ನು ಅಳೆಸುತ್ತಿದ್ದರು. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ದಾವಣಗೆರೆಯಲ್ಲಿ ಧ್ರುವ ದಿಗಂತದಿಂದ ಒಂದೂವರೆ ಮುಷ್ಟಿಯಷ್ಟು ಮೇಲಿರುತ್ತದೆ, ಏಕೆಂದರೆ ಅದರ ಎತ್ತರ ಊರಿನ ಅಕ್ಷಾಂಶದಷ್ಟೇ ಇರುತ್ತದೆ, ನಮ್ಮ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿಯ ಆಸುಪಾಸಿನಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವೇ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ಚಿತ್ರದುರ್ಗ ನಮ್ಮಿಂದ ಕಾಲು ಡಿಗ್ರಿಯಷ್ಟು ದಕ್ಷಿಣಕ್ಕಿದೆ ಎಂದು ಕೊಟ್ಟು, ಉಳಿದದ್ದನ್ನು ಮನೆಗೆಲಸ ಮಾಡಿಬಿಡುತ್ತಿದ್ದರು. ಆ ಲೆಕ್ಕವನ್ನು ಇಂದಿಗೂ ತಪ್ಪಿಲ್ಲದೆ ಮಾಡಬಲ್ಲ ಟೈಲರುಗಳೂ ಔಷಧದಂಗಡಿಯವರೂ ಈ ಊರಿನಲ್ಲಿದ್ದಾರೆ.

ಮನೆಯ ಮಾತಿಗೆ ಬಂದರೆ, ಯುದ್ಧದ ಸಂಗತಿಯನ್ನು ಅವ್ವನಿಂದ ಕೇಳುವುದು ಒಳಿತು. ಆಕೆಗೆ ಯುದ್ಧವೆಂದರೆ ಬಾರದ ಮನಿಯಾರ್ಡರು, ಬಾರದ ಕಾಗದ, ಪಕ್ಕದ ಮನೆಯ ರೇಡಿಯೊ. ಖುಕ್ರಿಯ ಸುದ್ದಿ ಕೇಳಿದ ಮೇಲೆ, ಗಂಡನನ್ನು ಯಾವ ಹಡಗಿಗಾದರೂ ವರ್ಗ ಮಾಡಿರಬಹುದೆಂಬ ಅಂಜಿಕೆಯಲ್ಲಿ ಆಕೆ ಅಂಚೆಯವನನ್ನು ಬೀದಿಯ ತುದಿಯಲ್ಲೇ ತಡೆದು ವಿಚಾರಿಸುತ್ತಿದ್ದಳಂತೆ. ಕೊನೆಗೆ ಬಂದ ಇನ್‌ಲ್ಯಾಂಡ್ ಕಾಗದದಲ್ಲಿ ಯುದ್ಧದ ಮಾತೇ ಇರಲಿಲ್ಲ. ಮಗನಿಗೆ ಮಗ್ಗಿ ಹನ್ನೆರಡರವರೆಗೆ ಬಾಯಿಗೆ ಬಂದಿದೆಯೇ ಎಂದು ಅಪ್ಪ ಕೇಳಿದ್ದರು. ಅವ್ವ ಅಂದೇ ಉತ್ತರ ಬರೆಸಿ ಹಾಕಿದಳು: ಮಗನಿಗೆ ಈಗಿನ್ನೂ ಮೂರು ವರ್ಷ, ಮೊದಲು ನೀವು ಅಷ್ಟು ಎಣಿಸುವುದನ್ನು ಕಲಿತುಕೊಂಡು ಊರಿಗೆ ಬನ್ನಿ.