ಸೋಗಾನೆಯಿಂದ ರೇಣಿಗುಂಟಕ್ಕೆ

ಶಿವಮೊಗ್ಗದಿಂದ ತಿರುಪತಿಗೆ ರಸ್ತೆಯಲ್ಲಿ ಸುಮಾರು 550 ಕಿ.ಮೀ. ಬೆಂಗಳೂರು, ಕೋಲಾರ, ಮುಳಬಾಗಿಲು, ಚಿತ್ತೂರು ಎಲ್ಲ ದಾಟಿ ಹೋಗಬೇಕು. ಅಮ್ಮನ ಮಂಡಿಗೆ ಅಷ್ಟು ಹೊತ್ತು ಬಸ್ಸಿನಲ್ಲಿ ಕೂರುವುದು ಈಗ ಆಗದ ಮಾತು. 2023ರ ನವೆಂಬರಿನಲ್ಲಿ ಸ್ಟಾರ್ ಏರ್ ನಮ್ಮ ಸೋಗಾನೆ ನಿಲ್ದಾಣದಿಂದ ತಿರುಪತಿಗೆ ನೇರ ವಿಮಾನ ಬಿಟ್ಟ ಸುದ್ದಿ ಬಂದಾಗ, ಹಳೇ ಹರಕೆಯೊಂದು ಅವರಿಗೆ ತಟ್ಟನೆ ನೆನಪಾಯಿತು.

ನಕಾಶೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಎರಡು ನಿಲ್ದಾಣಗಳ ನಡುವೆ ಇರುವುದು 425 ಕಿ.ಮೀ. ಆಸುಪಾಸು. ಗೆರೆ ಹೆಚ್ಚುಕಮ್ಮಿ ನೇರ ಪೂರ್ವಕ್ಕೆ ಹೋಗುತ್ತದೆ. ಹಿರಿಯೂರು, ಶಿರಾ, ಹಿಂದೂಪುರ, ಮದನಪಲ್ಲಿ ಎಲ್ಲ ಅದರ ಅಕ್ಕಪಕ್ಕದಲ್ಲೇ ಸಿಗುತ್ತವೆ. ಟಿಕೆಟ್‌ನಲ್ಲಿ ಮಾತ್ರ ಒಂದು ಗಂಟೆ ಚಿಲ್ಲರೆ ಅಂತ ಇತ್ತು.

"ವಿಮಾನ ಗಂಟೆಗೆ 800 ಕಿಲೋಮೀಟರ್ ಹೋಗತ್ತಲ್ವಾ? ಹಾಗಾದ್ರೆ ಅರ್ಧ ಗಂಟೆ ಸಾಕಲ್ಲ?" ಅಂದ ಅಣ್ಣನ ಮಗ. ಲೆಕ್ಕ ಸರಿಯೇ. ಆದರೆ ಆ ವೇಗ ಸಿಗುವುದು ಮೇಲಕ್ಕೇರಿದ ಮೇಲೆ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ ಗಂಟೆಗೆ 460 ಕಿ.ಮೀ. ದಾಟುವಂತಿಲ್ಲ, ಇಳಿಯುವ ಹೊತ್ತಿಗೆ ಅದೂ ಅರ್ಧಕ್ಕೆ ಬಂದಿರುತ್ತದೆ. ಟಿಕೆಟ್‌ನ ಸಮಯ ಶುರುವಾಗುವುದು ವಿಮಾನ ನಿಂತ ಜಾಗ ಬಿಟ್ಟಾಗ, ಮುಗಿಯುವುದು ಅಲ್ಲಿ ಹೋಗಿ ನಿಂತಾಗ. ರನ್‌ವೇ ತನಕ ಉರುಳಿಕೊಂಡು ಹೋಗುವುದೂ ಅದರಲ್ಲೇ ಸೇರಿತು. ಆಕಾಶದ ದಾರಿಯೂ ಸ್ಕೇಲ್ ಇಟ್ಟ ಹಾಗೆ ಇರುವುದಿಲ್ಲ. ಹತ್ತಿರದ ಊರುಗಳ ನಡುವೆ ಹಾರಿದರೆ ವಿಮಾನದ ವೇಗ ಪೂರ್ತಿ ಉಪಯೋಗಕ್ಕೆ ಬರುವುದೇ ಇಲ್ಲ.

ನಮ್ಮದು ಎಂಬ್ರೇರ್ 175. ಪುಟ್ಟ ಜೆಟ್, ಒಂದೊಂದು ಕಡೆ ಎರಡೆರಡೇ ಸೀಟು. ನಡುವೆ ಸಿಕ್ಕಿಹಾಕಿಕೊಳ್ಳುವ ಸೀಟೇ ಇಲ್ಲ. ಈ ಸುಖ ದೊಡ್ಡ ವಿಮಾನಗಳಲ್ಲಿ ಎಲ್ಲಿ? ಎಡಗಡೆ ಕಿಟಕಿಯಲ್ಲಿ ಮಾರಿಕಣಿವೆ ಕಾಣಿಸಿತು. 1933ರ ನಂತರ 89 ವರ್ಷ ಕಾಯಿಸಿ 2022ರಲ್ಲಿ ಕೋಡಿ ಬಿದ್ದ ಕೆರೆ ಅದು. ಒಣಗಿದ ಬಯಲಿನ ನಡುವೆ ಅಷ್ಟು ನೀರು ನೋಡಿ ಅಮ್ಮ ಕಿಟಕಿಗೇ ಹಣೆ ಹಚ್ಚಿದರು. ಆಮೇಲೆ ಬರೀ ಕಲ್ಲುಗುಡ್ಡ, ಬಯಲು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕಿವಿ ಗುಂಯ್ ಅಂದಿತು, ಇಳಿಯಲು ಶುರು.

"ಹತ್ತಿದ್ದು, ಇಳಿದಿದ್ದು. ನಡುವೆ ಏನೂ ಇರ್ಲೇ ಇಲ್ವಲ್ಲೋ" ಅಂದರು ಅಮ್ಮ. ಅಣ್ಣನ ಮಗನಿಗೆ ನಾನು ಅಷ್ಟು ಹೊತ್ತು ಹೇಳಿದ್ದೂ ಇದನ್ನೇ.

ತಿರುಪತಿಯ ವಿಮಾನ ನಿಲ್ದಾಣ ಇರುವುದು ರೇಣಿಗುಂಟದಲ್ಲಿ, ಅಲ್ಲಿಂದ ತಿರುಪತಿ ಊರಿಗೆ 15 ಕಿ.ಮೀ. ಬೆಟ್ಟದ ಬುಡದ ಅಲಿಪಿರಿಯಲ್ಲಿ ಗಾಡಿ, ಬ್ಯಾಗು ಎಲ್ಲ ತಪಾಸಣೆ. ಘಾಟಿ ರಸ್ತೆಯಲ್ಲಿ ಗೊತ್ತುಮಾಡಿದ ಹೊತ್ತಿಗಿಂತ ಬೇಗ ಮೇಲೆ ತಲುಪಿದರೆ ದಂಡ ಕಟ್ಟಬೇಕು! ಜೆಟ್‌ನಲ್ಲಿ ಬಂದವರಿಗೂ ಅದೇ ನಿಯಮ.

ದರ್ಶನ ಚೆನ್ನಾಗಿ ಆಯಿತು. ವಾಪಸ್ ಬರುವ ದಿನ ಮಾತ್ರ ಶಿವಮೊಗ್ಗಕ್ಕೆ ವಿಮಾನ ಇರಲಿಲ್ಲ. ಇಂಥ ಊರುಗಳ ನಡುವೆ ವಿಮಾನ ಎಷ್ಟು ನಿಮಿಷ ಹಾರುತ್ತದೆ ಅನ್ನುವುದಕ್ಕಿಂತ ವಾರದಲ್ಲಿ ಎಷ್ಟು ದಿನ ಹಾರುತ್ತದೆ ಅನ್ನುವುದೇ ಮುಖ್ಯ ನೋಡಿ. ಬೆಂಗಳೂರಿಗೆ ಬಸ್ಸು, ಅಲ್ಲಿಂದ ಜನಶತಾಬ್ದಿ ರೈಲು. ಒಂದು ಗಂಟೆಯ ದಾರಿಗೆ ಇಡೀ ದಿನ ಹೋಯಿತು. ತುಮಕೂರು ದಾಟುವಾಗ ಅಮ್ಮ ಮಂಡಿ ನೀವಿಕೊಳ್ಳುತ್ತಾ ಹೇಳಿದರು: "ಮುಂದಿನ ಸಲ ಎರಡೂ ಕಡೆ ವಿಮಾನ ಇರೋ ವಾರ ನೋಡ್ಕೊಂಡೇ ಹರಕೆ ಹೊತ್ಕೋತೀನಿ."