ರಜಾ ಚೀಟಿಗೆ ಸಹಿ ಹಾಕೋರು

ಬೆಳಿಗ್ಗೆ ಒಂಬತ್ತಕ್ಕೇ ಹೈಡ್ರಾ ಕ್ರೇನ್ ಬಂದು ನಿಂತಿತ್ತು. ಅದರ ಬಾಡಿಗೆ ಗಂಟೆ ಲೆಕ್ಕ, ಸುಮ್ಮನೆ ನಿಂತರೂ ಮೀಟರ್ ಓಡುತ್ತಲೇ ಇರುತ್ತದೆ. ಎತ್ತಿ ಕೂರಿಸಬೇಕಾದ ಡಕ್ಟ್, ಅಂದರೆ ಧೂಳಿನ ಗಾಳಿ ಸಾಗುವ ದೊಡ್ಡ ಕೊಳವೆಯ ತುಂಡು ನೆಲದ ಮೇಲಿತ್ತು, ವೆಲ್ಡಿಂಗ್ ಸೆಟ್ ಇತ್ತು, ಕಿಡಿ ಹಾರುವ ಕೆಲಸಕ್ಕೆ ಬೇಕಾದ ಹಾಟ್ ವರ್ಕ್ ಪರ್ಮಿಟ್‌ನ ಮೂರು ಪ್ರತಿ ನನ್ನ ಕೈಯಲ್ಲಿದ್ದವು. ಇಲ್ಲದ್ದು ಒಂದೇ: ಫಿಟ್ಟರ್‌ಗಳು.

ಕೊಪ್ಪಳದಿಂದ ಗಿಣಿಗೇರಾ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಕಾರ್ಖಾನೆ ಚಿಮಣಿಗಳು ಕಾಣುತ್ತವೆ. ಅದಿರಿನಿಂದ ಕಬ್ಬಿಣ ತೆಗೆಯುವ ಅಂಥದ್ದೊಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರ್. ಕ್ಯಾಬಿನ್ ಬಾಗಿಲ ಮೇಲೆ ಹಾಗಂತ ಬೋರ್ಡೂ ಇದೆ. ಧೂಳು ಹಿಡಿಯಲು ಹೊಸ ಬ್ಯಾಗ್ ಫಿಲ್ಟರ್ ಕೂರಿಸುವುದು ಆಗ ನನ್ನ ಪ್ರಾಜೆಕ್ಟ್. ಹಳೇ ಡಕ್ಟ್ ಕತ್ತರಿಸಿ ಹೊಸದನ್ನು ಸೇರಿಸುವ ಕೆಲಸ ಕಿಲ್ನ್ ನಿಂತಾಗ ಮಾತ್ರ ಸಾಧ್ಯ. ಒಳಗೆ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಅದಿರು, ಕಲ್ಲಿದ್ದಲು ಒಟ್ಟಿಗೆ ಉರುಳುವ ಕೊಳವೆಯಾಕಾರದ ಕುಲುಮೆ ಈ ಕಿಲ್ನ್. ಬೇಕೆಂದಾಗ ಸ್ವಿಚ್ ಒತ್ತಿ ನಿಲ್ಲಿಸುವ ಫ್ಯಾನ್ ಅಲ್ಲ. ದೀಪಾವಳಿ ಮುಗಿದ ಮೇಲಿನ ಶಟ್‌ಡೌನ್‌ನಲ್ಲಿ ನನಗೆ ಸಿಕ್ಕಿದ್ದು ನಾಲ್ಕು ದಿನ. ಆವತ್ತು ಎರಡನೇ ದಿನ.

ನನಗೆ ಮಾತು ಕೊಟ್ಟಿದ್ದ ನಾಲ್ವರು ಫಿಟ್ಟರ್‌ಗಳು ಎರಡನೇ ಕಿಲ್ನ್‌ನ ಹತ್ತಿರ ಗೇರ್‌ಬಾಕ್ಸ್ ಬಿಚ್ಚುತ್ತಿದ್ದರು. ಓಡಿಹೋಗಿ ಕೇಳಿದೆ. ಅವರಲ್ಲಿ ಹಿರಿಯನಾದ ಮೇಸ್ತ್ರಿ ಗ್ರೀಸ್ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತಾ ಎದ್ದು ನಿಂತ.

"ನಿಮ್ಮ ಮಾತಿಗೆ ಇಲ್ಲ ಅನ್ನಂಗಿಲ್ರಿ ಸರ. ಆದ್ರ ನಮ್ಮ ರಜಾ ಚೀಟಿಗೆ ಸಹಿ ಹಾಕೋರು ಅವರು ನೋಡ್ರಿ."

ಅವರು ಅಂದರೆ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು. ಫಿಟ್ಟರ್‌ಗಳ ರಜೆ, ಓವರ್‌ಟೈಮ್, ಏಪ್ರಿಲ್‌ನ ಇನ್‌ಕ್ರಿಮೆಂಟ್ ಎಲ್ಲ ಅವರ ಪೆನ್ನಿನಲ್ಲಿ. ಎಲೆಕ್ಟ್ರಿಷಿಯನ್‌ಗಳಿಗೆ ಎಲೆಕ್ಟ್ರಿಕಲ್ ಸಾಹೇಬರು, ಖರೀದಿಯವರಿಗೆ ಬೆಂಗಳೂರು ಕಚೇರಿ, ಸ್ಟೋರ್ಸಿನವರಿಗೆ ಅಕೌಂಟ್ಸ್. ನನಗೆ ಒಂದು ಲ್ಯಾಪ್‌ಟಾಪ್, ಕೆಲಸದ ವೇಳಾಪಟ್ಟಿಯ ಒಂದು ಬಾರ್ ಚಾರ್ಟ್, ದಿನಕ್ಕೆ ಹದಿನೈದು ಚಹಾ ಕುಡಿಸುವ ಬಜೆಟ್. ಅದೂ ನನ್ನ ಜೇಬಿನದೇ.

ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಪ್ರಮಾಣಪತ್ರ ಕೊಡುವ ಪಿಎಂಪಿ ಪರೀಕ್ಷೆಗೆ ಓದುವಾಗ ಇದನ್ನೆಲ್ಲ ಒಂದು ಕೋಷ್ಟಕದಲ್ಲಿ ಉರು ಹೊಡೆದಿದ್ದೆ. ಫಂಕ್ಷನಲ್ ಸಂಸ್ಥೆಯಲ್ಲಿ ಜನ, ಹಣ ಎರಡೂ ವಿಭಾಗದ ಮುಖ್ಯಸ್ಥನ ಕೈಯಲ್ಲಿ, ಪ್ರಾಜೆಕ್ಟ್ ಮ್ಯಾನೇಜರ್‌ಗೆ ಅಧಿಕಾರ ಇಲ್ಲವೆನ್ನುವಷ್ಟು ಕಡಿಮೆ. ಮ್ಯಾಟ್ರಿಕ್ಸ್‌ನಲ್ಲಿ ಒಬ್ಬ ನೌಕರನಿಗೆ ಇಬ್ಬರು ಯಜಮಾನರು. ಅದು ದುರ್ಬಲವೋ, ಸಮತೋಲನದ್ದೋ, ಬಲವಾದದ್ದೋ ಎಂಬುದರ ಮೇಲೆ ಯಾರ ಮಾತು ನಡೆಯುತ್ತದೆಂಬುದು ನಿಂತಿದೆ. ಪ್ರಾಜೆಕ್ಟೈಸ್ಡ್‌ನಲ್ಲಿ ಎಲ್ಲವೂ ಪ್ರಾಜೆಕ್ಟ್ ಮ್ಯಾನೇಜರ್‌ನದೇ. ಅಧಿಕಾರವಿಲ್ಲದೆ ಬರೀ ಬೆನ್ನು ಹತ್ತಿ ಕೆಲಸ ಮಾಡಿಸುವವನಿಗೆ ಅಲ್ಲಿ ಎಕ್ಸ್‌ಪೆಡೈಟರ್ ಅಂತ ಬೇರೆಯದೇ ಹೆಸರಿತ್ತು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಸರಿ ಉತ್ತರ ಗುರುತಿಸಿದ್ದೆ. ಅದು ನಾನೇ ಅಂತ ಹೊಳೆದದ್ದು ಗೇರ್‌ಬಾಕ್ಸ್ ಪಕ್ಕ ನಿಂತಾಗ.

ಹಾಗಂತ ನಾನು ಯಾವತ್ತೂ ಹೀಗೆಯೇ ಇದ್ದವನಲ್ಲ. ರಾಯಚೂರಿನ ಯರಮರಸ್‌ನಲ್ಲಿ 800 ಮೆಗಾವಾಟ್‌ನ ಎರಡು ಘಟಕಗಳನ್ನು ಕಟ್ಟುತ್ತಿದ್ದಾಗ ಒಬ್ಬ ಉಪಗುತ್ತಿಗೆದಾರರ ಕಡೆ ಸೈಟ್ ನೋಡಿಕೊಳ್ಳುತ್ತಿದ್ದೆ. ನಲವತ್ತು ಮಂದಿ, ಎಲ್ಲರೂ ನನ್ನವರು. ಹಾಜರಿ ಪುಸ್ತಕ ನನ್ನ ಟೇಬಲ್ ಮೇಲೆ, ನಗದು ಪೆಟ್ಟಿಗೆಯ ಕೀಲಿ ನನ್ನ ಸೊಂಟದಲ್ಲಿ. "ಆ ಪೈಪ್ ಎತ್ರೋ" ಅಂದರೆ ಪೈಪ್ ಮೇಲೇಳುತ್ತಿತ್ತು. ಮೇ ತಿಂಗಳ ರಾಯಚೂರು ಬಿಸಿಲಲ್ಲೂ ನಾನು ರಾಜನ ಹಾಗೆ ಓಡಾಡಿದ್ದುಂಟು. ಕೆಲಸ ಮುಗಿದ ವಾರ ಒಂದು ಹಾಳೆಯಲ್ಲಿ ನಲವತ್ತು ಹೆಸರು ಬರೆದು, ಯಾರ ಲೆಕ್ಕ ಯಾವತ್ತು ಚುಕ್ತಾ ಅಂತ ದಿನಾಂಕ ಹಾಕಿದವನೂ ನಾನೇ. ನಲವತ್ತೊಂದನೇ ಹೆಸರು ನನ್ನದು. ಮುಂದಿನ ಸೈಟ್ ಇಲ್ಲ ಅಂದಮೇಲೆ ಹೋಗಲು ನಮಗೆ ಒಂದು ವಿಭಾಗ ಅಂತ ಎಲ್ಲಿತ್ತು? ಕೊಪ್ಪಳದ ಈ ಫಿಟ್ಟರ್‌ಗಳಿಗೆ ಡಕ್ಟ್ ಮುಗಿದರೂ ವರ್ಕ್‌ಶಾಪ್ ಇದೆ, ಮೆಕ್ಯಾನಿಕಲ್ ಸಾಹೇಬರ ಬೈಗುಳವಾದರೂ ಇದೆ. ಆ ಬೈಗುಳದ ಬೆಲೆ ಆರು ತಿಂಗಳು ಮನೆಯಲ್ಲಿ ಕೂತವನಿಗೆ ಗೊತ್ತು.

ಹತ್ತೂವರೆಗೆ ಮೆಕ್ಯಾನಿಕಲ್ ಸಾಹೇಬರ ಕ್ಯಾಬಿನ್‌ಗೆ ಹೋದೆ. ಜಗಳಕ್ಕೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಅವರು ಸಮಾಧಾನವಾಗಿ ಹೇಳಿದರು: "ಎರಡನೇ ಕಿಲ್ನ್ ಒಂದು ದಿನ ತಡ ಆದ್ರ ನನ್ನ ಕುತ್ಗಿಗೆ ಬರ್ತದ. ನಿಮ್ಮ ಡಕ್ಟ್ ತಡ ಆದ್ರ ನಿಮ್ಮ ಕುತ್ಗಿಗೆ. ನನ್ನ ಜಾಗದಾಗ ನೀವಿದ್ರ ಏನ್ ಮಾಡ್ತಿದ್ರಿ?" ಉತ್ತರ ಇರಲಿಲ್ಲ. ಆ ಮನುಷ್ಯ ಕೆಟ್ಟವರಲ್ಲ. ಅವರಿಗೆ ಅಂಕ ಕೊಡುವ ಹಾಳೆಯಲ್ಲಿ ನನ್ನ ಡಕ್ಟ್ ಅನ್ನುವ ಸಾಲೇ ಇರಲಿಲ್ಲ.

ಕ್ಯಾಂಟೀನಿನಿಂದ ಒಗ್ಗರಣೆ ಮಿರ್ಚಿ ತರಿಸಿದೆ, ಮಾತು ಮುಂದುವರಿಯಿತು. ಗೇರ್‌ಬಾಕ್ಸ್ ಮುಚ್ಚಳ ತೆಗೆದ ಮೇಲೆ ಬೇರಿಂಗ್ ಬರುವ ತನಕ ಇಬ್ಬರಿಗೆ ಅಲ್ಲಿ ಕೆಲಸವಿಲ್ಲ ಅಂತ ಗೊತ್ತಾಯಿತು. ಬೇರಿಂಗ್ ಹೊಸಪೇಟೆಯಿಂದ ಬರಬೇಕಿತ್ತು. ನನ್ನ ಪ್ರಾಜೆಕ್ಟ್‌ಗೆ ಬಾಡಿಗೆಗೆ ತಂದ ಬೊಲೆರೊ ಖಾಲಿ ನಿಂತಿತ್ತು. ಗಾಡಿ ಕೊಟ್ಟೆ, ಇಬ್ಬರನ್ನು ಪಡೆದೆ.

ಹನ್ನೆರಡಕ್ಕೆ ಡಕ್ಟ್ ಮೇಲೆದ್ದಿತು. ಹಳೇ ಹೊಸ ಡಕ್ಟ್‌ಗಳ ತುದಿಯಲ್ಲಿ ಬೋಲ್ಟ್ ಹಾಕುವ ಅಂಚುಗಳು, ಅಂದರೆ ಎರಡು ಫ್ಲ್ಯಾಂಜ್ ಎದುರುಬದುರಾದವು, ಆದರೆ ತೂತುಗಳು ಬೆರಳಗಲ ಆಚೀಚೆ. ಮೇಸ್ತ್ರಿ ಚೂಪು ತುದಿಯ ಕಬ್ಬಿಣದ ಸರಳು ಟಾಮಿಯನ್ನು ಒಂದು ತೂತಿಗೆ ತೂರಿಸಿ, ಕಣ್ಣು ಮುಚ್ಚಿ, ಕೈಗೆ ತಾಗುವ ಬಿಗಿಯನ್ನಷ್ಟೇ ನಂಬಿಕೊಂಡು ಮೆಲ್ಲಗೆ ಮೀಟಿದ. ಎರಡು ಟನ್‌ನ ಕಬ್ಬಿಣ ತೊಟ್ಟಿಲಿನ ಹಾಗೆ ಸರಿಯಿತು. ಮೊದಲ ಬೋಲ್ಟ್ ಕೂತಿತು, ಎದುರಿನದು ಕೂತಿತು, ಮೂರನೆಯದಕ್ಕೆ ಅವನ ಜೊತೆಗಾರ ನಕ್ಕ. ಯಾವ ಬಾರ್ ಚಾರ್ಟ್‌ನಲ್ಲೂ ಆ ಮೀಟುವಿಕೆಗೆ ಜಾಗವಿಲ್ಲ.

ಸಂಜೆ ಮುನಿರಾಬಾದಿನ ಮನೆಗೆ ಬಂದು, ನೀರಾವರಿಯಲ್ಲಿ ದುಡಿದು ನಿವೃತ್ತರಾದ ಮಾವನ ಮುಂದೆ ಗೋಳು ತೋಡಿಕೊಂಡೆ. ಅವರು ತುಂಗಭದ್ರಾ ಡ್ಯಾಮಿನ ಕಥೆ ತೆಗೆದರು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆಗ ಬಂದ ಕನ್ನಯ್ಯ ನಾಯ್ಡು ಅವರು ಡ್ಯಾಮ್ ಗೇಟುಗಳ ನಿವೃತ್ತ ತಜ್ಞರು, ಅಲ್ಲಿನ ಒಬ್ಬ ನೌಕರನೂ ಅವರ ಕೈಕೆಳಗಿನವನಲ್ಲ. ಡ್ಯಾಮ್ ನಡೆಸುವ ತುಂಗಭದ್ರಾ ಮಂಡಳಿಯಲ್ಲೋ ರಾಜ್ಯಗಳಿಂದ ಎರವಲು ಸೇವೆಗೆ ಬಂದ ಎಂಜಿನಿಯರ್‌ಗಳು. ಮಾತೃ ಇಲಾಖೆ ಒಂದು, ಕೆಲಸದ ಯಜಮಾನ ಇನ್ನೊಂದು. ಆದರೂ ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡಹಲಗೆಗಳನ್ನು ಇಳಿಸಿ ಒಂದೇ ವಾರದಲ್ಲಿ ನೀರು ತಡೆದರು. "ಆ ಮನುಷ್ಯಾಗ ಯಾರ ರಜಾ ಚೀಟಿನೂ ಬರ್ತಿದ್ದಿಲ್ಲ" ಅಂದರು ಮಾವ.

ನಾನು ಪೂರ್ತಿ ಒಪ್ಪಲಿಲ್ಲ. ಹೊಳೆಯೇ ಎದುರಿಗೆ ಭೋರ್ಗರೆಯುವಾಗ, ಸರ್ಕಾರವೇ ಬೆನ್ನಿಗೆ ನಿಂತಾಗ ಎಲ್ಲರ ಆದ್ಯತೆಯೂ ಒಂದೇ ಆಗುತ್ತದೆ. ನನ್ನ ಬ್ಯಾಗ್ ಫಿಲ್ಟರ್‌ಗೆ ಅಂಥ ಭಾಗ್ಯ ಎಲ್ಲಿಂದ ಬರಬೇಕು? ಆದರೆ ಎರವಲು ಸೇವೆ ಅನ್ನುವ ಮಾತು ತಲೆಯಲ್ಲಿ ಉಳಿಯಿತು.

ಶಟ್‌ಡೌನ್ ಒಂದು ದಿನ ತಡವಾಗಿ ಮುಗಿಯಿತು. ಪರಿಶೀಲನಾ ಸಭೆಯಲ್ಲಿ ಪ್ಲಾಂಟ್ ಮುಖ್ಯಸ್ಥರ ಮುಂದೆ ಒಂದು ಹಾಳೆ ಇಟ್ಟೆ: ಪ್ರಾಜೆಕ್ಟ್ ಮುಗಿಯುವ ತನಕ ನಾಲ್ವರು ಫಿಟ್ಟರ್, ಒಬ್ಬ ಎಲೆಕ್ಟ್ರಿಷಿಯನ್ ನನ್ನ ಕಡೆಗೆ, ಹಾಜರಿ ಮತ್ತು ರಜೆ ನನ್ನ ಸಹಿಯಲ್ಲಿ, ಇನ್‌ಕ್ರಿಮೆಂಟ್ ಫಾರಂನಲ್ಲಿ ಅರ್ಧ ಅಂಕ ನನ್ನದು, ಕೆಲಸ ಮುಗಿದ ದಿನ ಅವರು ವಾಪಸ್ ವಿಭಾಗಕ್ಕೆ. ಕೊನೆಯ ಸಾಲನ್ನು ಬರೆಸಿದ್ದು ಯರಮರಸ್‌ನ ಆ ನಲವತ್ತು ಹೆಸರುಗಳೇ. ಮೆಕ್ಯಾನಿಕಲ್ ಸಾಹೇಬರು ಅದೊಂದು ಸಾಲನ್ನು ಎರಡು ಸಲ ಓದಿ ತಲೆಯಾಡಿಸಿದರು. ಡಿಸೆಂಬರ್ ಒಂದರಿಂದ ಆದೇಶ ಜಾರಿಯಾಯಿತು.

ಮೊದಲ ತಿಂಗಳು ಚೆನ್ನಾಗಿಯೇ ಹೋಯಿತು. ಜನವರಿಯಲ್ಲಿ ಫ್ಯಾನ್ ಟ್ರಯಲ್‌ಗೆ ದಿನ ಗೊತ್ತುಮಾಡಿದ ಮರುಬೆಳಿಗ್ಗೆ ಮೇಸ್ತ್ರಿ ಕ್ಯಾಬಿನ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಕೈಯಲ್ಲಿ ಮಡಿಸಿದ ನಾಲ್ಕು ಹಾಳೆ. ನನ್ನ ಹೆಸರಿಗೆ ಬಂದ ಮೊದಲ ರಜಾ ಚೀಟಿಗಳು. ಖುಷಿಯಿಂದಲೇ ಬಿಚ್ಚಿದೆ. ನಾಲ್ಕರಲ್ಲೂ ಒಂದೇ ದಿನಾಂಕ, ಕಾರಣವೂ ಒಂದೇ: ಗವಿಮಠದ ಜಾತ್ರೆ, ತೇರು.

"ಇಲ್ಲ ಅನ್ನಬ್ಯಾಡ್ರಿ ಸರ, ಈಗ ಸಹಿ ನಿಮ್ಮದ ಅಲ್ಲೇನ್ರಿ."

ಕೊಪ್ಪಳದಲ್ಲಿದ್ದುಕೊಂಡು ಗವಿಸಿದ್ಧೇಶ್ವರ ಅಜ್ಜನ ಜಾತ್ರೆಗೆ ರಜೆ ಇಲ್ಲ ಅನ್ನುವ ಎದೆ ಯಾರಿಗಿದೆ? ನಾಲ್ಕಕ್ಕೂ ಸಹಿ ಹಾಕಿದೆ. ಆಮೇಲೆ ಕ್ಯಾಂಟೀನಿಗೆ ಫೋನ್ ಮಾಡಿ ಎರಡು ಪ್ಲೇಟ್ ಒಗ್ಗರಣೆ ಮಿರ್ಚಿ ಹೇಳಿ, ಮೆಕ್ಯಾನಿಕಲ್ ಸಾಹೇಬರ ಕ್ಯಾಬಿನ್ ಕಡೆ ನಡೆದೆ. ಒಂದು ದಿನದ ಮಟ್ಟಿಗೆ ಇಬ್ಬರು ಫಿಟ್ಟರ್ ಬೇಕಿತ್ತು.